ಕೆಂಚಪ್ಪನ ಕಲ್ಲು ಹೋದ ಮಳೆಗಾಲ

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಆರೂವರೆ. ಕಡೂರಿನ ಪಾರ್ಕಿನ ಗೇಟು ತೆಗೆದು ನಾವು ಹದಿನಾಲ್ಕು ಜನ ಒಳಗೆ ಹೋದೆವು. ಸೋನೆ ಮಳೆ, ಪಡುವಣ ಗಾಳಿ. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ. ಎರಡು ವರ್ಷದ ಹಿಂದಿನ ಮಾತು.

ಮೊನ್ನೆ ತರೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಅಂಗಡಿಯ ಶಟರಿಗೆ ಹಳದಿ ಎನಾಮಲ್ ಬಳಿಯುತ್ತಿದ್ದರು. ಮಳೆ ಹನಿಯುವಾಗ ಹಸಿ ಬಣ್ಣಕ್ಕೆ ಒಂದು ಬೇರೆಯೇ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ನನಗೆ ಆ ಮಳೆಗಾಲ ಪೂರ್ತಿ ನೆನಪಾಯಿತು. ಬಂದ ಬಸ್ಸನ್ನು ಬಿಟ್ಟು ಅಲ್ಲೇ ನಿಂತೆ. ಆ ವರ್ಷ ಪಾರ್ಕನ್ನು ಚಂದ ಮಾಡಲು ಹೋಗಿ ನಾವು ಒಬ್ಬ ಮನುಷ್ಯನ ಹೆಸರಿದ್ದ ಕಲ್ಲುಬೆಂಚನ್ನು ಕಳೆದೆವು. ಅದು ಇವತ್ತಿನವರೆಗೂ ಸಿಕ್ಕಿಲ್ಲ. ಇದನ್ನು ಬರೆಯುತ್ತಿರುವುದು ಅದಕ್ಕಾಗಿ.

ನಾನಾಗ ಬಿ.ಎಸ್ಸಿ. ಮುಗಿಸಿ ಪರೀಕ್ಷೆಗಳಿಗೆ ಓದಿಕೊಂಡು ಮನೆಯಲ್ಲಿದ್ದೆ. ಊರಿನ ಸೇವಾ ಕ್ಲಬ್ಬಿನ ಯುವ ಘಟಕಕ್ಕೆ ಸೇರಿದ್ದೆ. ಕ್ಲಬ್ಬಿನವರ ವರ್ಷ ಜುಲೈಗೆ ಶುರುವಾಗುತ್ತದೆ. ಜುಲೈ ಬಂತೆಂದರೆ ಹೊಸ ಅಧ್ಯಕ್ಷರು, ಹೊಸ ಕೋಟು, ಹೊಸ ಕೆಲಸ. ಆ ವರ್ಷದ ಅಧ್ಯಕ್ಷರು ಚಂದ್ರಣ್ಣ. ಬೀರೂರು ರಸ್ತೆಯಲ್ಲಿ ಪೇಂಟಿನ ಅಂಗಡಿ ಇಟ್ಟವರು, ಐವತ್ತರ ಆಸುಪಾಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಅವರ ಹಿಂದಿನ ಅಧ್ಯಕ್ಷರೆಲ್ಲ ಕಣ್ಣಿನ ತಪಾಸಣೆ, ರಕ್ತದಾನ, ನೋಟ್‌ಬುಕ್ ಹಂಚಿಕೆ ಮಾಡಿ ಮುಗಿಸಿದ್ದರು. ಚಂದ್ರಣ್ಣನಿಗೆ ಅದು ಸಾಲದು.

"ನಮ್ಗೊಂದು ಪರ್ಮನೆಂಟ್ ಪ್ರಾಜೆಕ್ಟ್ ಬೇಕು ಕಣ್ರಪ್ಪಾ," ಎಂದರು ಮೊದಲ ಸಭೆಯಲ್ಲಿ. "ಹತ್ತು ವರ್ಷ ಆದ್ಮೇಲೂ ಜನ ನೋಡಿ, ಇದು ಇವ್ರು ಮಾಡಿದ್ದು ಅನ್ನಂಗಿರ್ಬೇಕು. ಪಾರ್ಕ್ ತಗೊಳಣ. ಈಗ ಅದು ಪಾರ್ಕಾ? ಇಸ್ಪೀಟ್ ಆಡೋರು, ಹಮಾಲಿಗಳು ಬಂದು ಕಾಲು ಚಾಚ್ಕೊಂಡು ಮಲ್ಗೋರು. ಹೆಂಗಸ್ರು ಮಕ್ಳು ಹೆಂಗ್ ಬತ್ತಾರೆ ಹೇಳಿ."

ಎಲ್ಲರೂ ಚಪ್ಪಾಳೆ ತಟ್ಟಿದೆವು. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ತಟ್ಟಲಿಲ್ಲ. ಅವಳು ರೇಣುಕಾ. ಕಡೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ, ಮನೆ ಅಜ್ಜಂಪುರದ ಹತ್ತಿರದ ಹಳ್ಳಿ. ಸಭೆಗೆ ಅದೇ ಮೊದಲು ಬಂದಿದ್ದಳು.

ಭಾನುವಾರ ಅವಳಿಗೆ ರಜೆ. ಆದರೂ ಮೊದಲ ಬಸ್ಸಿಗೆ ಅಜ್ಜಂಪುರದಿಂದ ಹೊರಟು ಬಂದು, ನಾವು ಇನ್ನೂ ಗ್ಲೌಸಿಗೆ ಜಗಳವಾಡುತ್ತಿರುವಾಗಲೇ ಸೀರೆಯ ಹಳೇ ತುಂಡು ಕೈಗೆ ಸುತ್ತಿಕೊಂಡು ಕಾಂಗ್ರೆಸ್ ಗಿಡ ಕೀಳಲು ಕೂರುತ್ತಿದ್ದಳು. ಪಾರ್ಕೆಂದರೆ ಆಗ ಅದೇ ಗಿಡ. ಎದೆಮಟ್ಟ ಬೆಳೆದು ಬಿಳಿ ಹೂ ಬಿಟ್ಟಿತ್ತು. ಮುಟ್ಟಿದರೆ ಕೈ ತುರಿಕೆ, ಮೂಸಿದರೆ ಸೀನು. ಮೊದಲ ಭಾನುವಾರ ಇಪ್ಪತ್ತೆರಡು ಗೋಣಿಚೀಲ ತುಂಬಿದೆವು, ಎರಡನೆಯ ಭಾನುವಾರ ಹದಿನೇಳು. ಚೀಲಕ್ಕೊಂದು ಗೆರೆ ಹಾಕಿ ನಾನು ಲೆಕ್ಕ ಬರೆಯುತ್ತಿದ್ದೆ.

"ವೀಣಾ ಮೇಡಂ, ನಾನು ಎಷ್ಟು ಸಲ ಸೀನಿದೆ ಅನ್ನೋದೂ ಬರ್ಕಳಿ," ಎಂದು ಚಂದ್ರಣ್ಣ ಕಿಚಾಯಿಸುತ್ತಿದ್ದರು.

ಕೆಮ್ಮಣ್ಣುಗುಂಡಿಯ ಕಡೆಯಿಂದ ಮೋಡ ತೇಲಿಬರುತ್ತಿತ್ತು. ಕಡೂರಿಗೆ ಬರುವ ಹೊತ್ತಿಗೆ ಅದರಲ್ಲಿ ನೀರು ಉಳಿದಿರುತ್ತಿರಲಿಲ್ಲ. ಜಡಿಯಾಗಿ ಸುರಿದು ಮುಗಿಯದೆ, ಬಿಸಿಲಾಗಿಯೂ ಬಿಡದೆ, ದಿನವಿಡೀ ಹಿಟ್ಟು ಜರಡಿಯಾಡಿದಂತೆ ಉದುರುತ್ತಿತ್ತು. ನಮ್ಮ ಕೆಲಸಕ್ಕೆ ಅದೇ ದೊಡ್ಡ ಕಾಟವಾಯಿತು.

ಪಾರ್ಕಿನಲ್ಲಿ ಏಳು ಹಳೇ ಕಲ್ಲುಬೆಂಚುಗಳಿದ್ದವು. ಎರಡು ಗೂಟಕಲ್ಲಿನ ಮೇಲೆ ಒಂದು ಚಪ್ಪಡಿ, ಅಷ್ಟೇ. ಒರಗಲು ಬೆನ್ನಿಲ್ಲ, ಕೈ ಇಡಲು ಹಿಡಿಯಿಲ್ಲ. ಆರಾಮಾಗಿ ಒಬ್ಬರು ಮಲಗಬಹುದಾದ ಅಗಲ. ಎರಡನೆಯ ಭಾನುವಾರ ಮಧ್ಯಾಹ್ನ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರೆ ರೇಣುಕಾ ಮೂಲೆಯ ಬೆಂಚನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಮೂರನೆಯ ಭಾನುವಾರ ಹುಡುಗರು ಹಳದಿ ಡಬ್ಬಿ ತೆಗೆದಾಗ ಅವಳು ಅದೇ ಬೆಂಚಿನ ಮುಂದೆ ನಿಂತಳು.

"ಇದಕ್ಕೆ ಬಳೀಬೇಡಿ ಸಾರ್."

"ಯಾಕಮ್ಮ, ಬಣ್ಣ ಚೆನ್ನಾಗಿಲ್ವಾ?" ಎಂದರು ಚಂದ್ರಣ್ಣ.

"ನಮ್ಮಪ್ಪನ ಹೆಸ್ರೈತೆ ಇದ್ರಲ್ಲಿ."

ನಾವು ಬಗ್ಗಿ ನೋಡಿದೆವು. ಚಪ್ಪಡಿಯ ಮೇಲ್ಮೈಯ ಒಂದು ಬದಿಗೆ, ಉಳಿಯಿಂದ ಅಷ್ಟೇನೂ ನೇರವಲ್ಲದ ಅಕ್ಷರಗಳಲ್ಲಿ ಕೆತ್ತಿತ್ತು: ಹಮಾಲಿ ಕೆಂಚಪ್ಪನ ನೆನಪಿಗೆ ಜೊತೆಗಾರರು ಹಾಕಿಸಿದ್ದು.

ರೇಣುಕಾ ಹೇಳಿದ್ದು ಇಷ್ಟು. ಅವಳ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿಯಾಗಿದ್ದರು. ಕೊಬ್ಬರಿ ಚೀಲ, ರಾಗಿ ಚೀಲ, ಈರುಳ್ಳಿ ಚೀಲ, ಲಾರಿಗೆ ಏರಿಸುವುದು, ಇಳಿಸುವುದು. ಮಧ್ಯಾಹ್ನ ಬೆನ್ನು ಚಾಚಲು ಪಾರ್ಕಿಗೆ ಬರುತ್ತಿದ್ದರು. ಆಗ ಇದ್ದದ್ದೇ ಕೆಲವು ಬೆಂಚು, ಬರುವವರು ಅದಕ್ಕಿಂತ ಹೆಚ್ಚು. ದಿನಾ ಅದಕ್ಕೊಂದು ಜಗಳ. ರೇಣುಕಾ ಒಂದನೇ ತರಗತಿಯಲ್ಲಿದ್ದಾಗ ಅವರು ಲಾರಿಯ ಹಲಗೆಯ ಮೇಲೆ ಚೀಲ ಹೊತ್ತು ಏರುವಾಗ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ಜೊತೆಯ ಹಮಾಲಿಗಳು ಸೇರಿ, ಅವರು ಬಯಸುತ್ತಿದ್ದ ಜಾಗದಲ್ಲೇ, ಮೂಲೆಯ ಬೇವಿನ ಮರದ ಕೆಳಗೆ, ಒಂದು ಬೆಂಚು ಹಾಕಿಸಿದರು. ಕಲ್ಲನ್ನು ತಾವೇ ಹೊತ್ತು ತಂದರಂತೆ. ಆಮೇಲೆ ಹೆಂಡತಿ ಹಾಲಮ್ಮ ಮಗಳನ್ನು ಕರೆದುಕೊಂಡು ತವರಿನ ಹಳ್ಳಿಗೆ ಹೋದರು. ಆದರೂ ಪ್ರತಿ ವರ್ಷ ಮಾಲಯ ಅಮಾವಾಸ್ಯೆಗೆ, ಎಲ್ಲರೂ ತಮ್ಮ ಹಿರಿಯರಿಗೆ ಮನೆಯಲ್ಲಿ ಎಡೆ ಇಡುವ ದಿನ, ಹಾಲಮ್ಮ ಮಾತ್ರ ಬಸ್ಸು ಹತ್ತಿ ಕಡೂರಿಗೆ ಬಂದು ಆ ಬೆಂಚಿನ ಮೇಲೆ ಎಡೆ ಇಡುತ್ತಿದ್ದರು.

"ಹೋದ್ವರ್ಷ ಬಂದಾಗ ಸುತ್ತ ಗಿಡ ಬೆಳ್ದು ಅವ್ವಂಗೆ ಕಲ್ಲಿನತ್ರ ಹೋಗಕ್ಕೇ ಆಗ್ಲಿಲ್ಲ," ಎಂದಳು ರೇಣುಕಾ. "ನೀವು ಪಾರ್ಕ್ ಕ್ಲೀನ್ ಮಾಡೋ ಯೋಚ್ನೇಲಿದೀರಿ ಅಂತ ಅಂಗ್ಡೀಲಿ ಯಾರೋ ಮಾತಾಡ್ತಿದ್ರು. ಅದ್ಕೆ ಬಂದೆ."

ಚಂದ್ರಣ್ಣನ ಮುಖ ಕೆಂಪಾಯಿತು. ಮೊದಲ ಸಭೆಯಲ್ಲಿ ಆಡಿದ ಮಾತು ಅವರಿಗೆ ನೆನಪಾಗಿತ್ತೆಂದು ಕಾಣುತ್ತದೆ.

"ಮೊದ್ಲೇ ಹೇಳ್ಬಾರ್ದೇನವ್ವಾ! ಇನ್ಮೇಲೆ ಇದು ಎಲ್ಲಕ್ಕಿಂತ ಚೆನ್ನಾಗಿರೋ ಬೆಂಚು. ಹಳದಿ ಹಿಡ್ಸಿ, ಅಕ್ಷರಕ್ಕೆ ಕೆಂಪು ತುಂಬುಸ್ತೀನಿ. ರಸ್ತೇಲಿ ಹೋಗೋರಿಗೂ ಕಾಣ್ಬೇಕು ನಿಮ್ಮಪ್ಪನ ಹೆಸ್ರು."

ಅವಳು ನಕ್ಕಳು. ಅಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಳದಿ ಬಳಿದಾಯಿತು. ಅಕ್ಷರಗಳು ಆಳವಿರಲಿಲ್ಲ. ಎರಡು ಸಲ ಬಳಿಯುವಷ್ಟರಲ್ಲಿ ಅರ್ಧ ಮುಚ್ಚಿಹೋದವು. ಒಣಗಿದ ಮೇಲೆ ಕೆಂಪು ತುಂಬಬೇಕಿತ್ತು. ಆದರೆ ಆ ಸೋನೆಯಲ್ಲಿ ಬಣ್ಣ ಒಣಗಲೇ ಇಲ್ಲ. ಕೂತವರ ಪ್ಯಾಂಟಿಗೆಲ್ಲ ಹಳದಿ ಮೆತ್ತಿತು. ಪಾರ್ಕಿಗೆ ಹೋಗಿಬಂದವರು ಯಾರೆಂದು ಊರಿಗೆಲ್ಲ ಹಿಂದಿನಿಂದಲೇ ಗೊತ್ತಾಗುತ್ತಿತ್ತು. ಚಂದ್ರಣ್ಣನ ಅಂಗಡಿಯ ಬಣ್ಣವಾದ್ದರಿಂದ ಮರ್ಯಾದೆ ಅವರದ್ದೇ ಹೋಗುತ್ತಿತ್ತು. "ಅದು ಬಣ್ಣದ ತಪ್ಪಲ್ಲ ಕಣ್ರೀ, ಆಷಾಢದ್ದು," ಎಂದು ವಾದಿಸುತ್ತಿದ್ದರು. ಮೂರನೆಯ ಸಲವೂ ಬಳಿಸಿದರು. ಅಕ್ಷರ ಪೂರ್ತಿ ಮುಚ್ಚಿತು. ಬೆಂಚು ಯಾವುದೆಂದು ನಮಗೆಲ್ಲ ಗೊತ್ತಿತ್ತಲ್ಲ, ಮೂಲೆಯದು. ಯಾರೂ ಚಿಂತೆ ಮಾಡಲಿಲ್ಲ.

ಶ್ರಾವಣದಲ್ಲಿ ಒಂದು ಸುದ್ದಿ ಬಂತು. ಕ್ಲಬ್ಬಿನ ಗವರ್ನರ್ ಭೇಟಿ ನವೆಂಬರಿನಲ್ಲಲ್ಲ, ಗಣೇಶನ ಹಬ್ಬ ಕಳೆದ ಮರುವಾರವೇ. ಗವರ್ನರ್ ಎಂದರೆ ಹಲವು ಜಿಲ್ಲೆಗಳ ಕ್ಲಬ್ಬುಗಳಿಗೆಲ್ಲ ಮುಖ್ಯಸ್ಥರು. ವರ್ಷಕ್ಕೊಮ್ಮೆ ಬಂದು ಕೆಲಸ ನೋಡಿ ಭಾಷಣ ಮಾಡಿ ಹೋಗುತ್ತಾರೆ. ಅಧ್ಯಕ್ಷರಾದವರಿಗೆ ಅದು ಮಗಳ ಮದುವೆಯಷ್ಟೇ ದೊಡ್ಡದು. ಪಾರ್ಕಿಗೆ ಪೆಂಗ್ವಿನ್ ಆಕಾರದ ಕಸದ ಡಬ್ಬಿಗಳು ಬಂದವು, ಸಿಮೆಂಟಿನ ಎರಡು ಜಿಂಕೆ ಬಂದವು. ದಾನಿಗಳು ಮುಂದೆ ಬಂದು ಏಳು ಹೊಸ ಗ್ರಾನೈಟ್ ಬೆಂಚು ಕೊಟ್ಟರು. ಒಂದೊಂದಕ್ಕೂ ಒರಗಲು ಬೆನ್ನು, ನಟ್ಟನಡುವೆ ಒಂದು ಕಬ್ಬಿಣದ ಹಿಡಿ. ಆ ಹಿಡಿ ಕೈ ಇಡುವುದಕ್ಕೆಂದು ನಾನು ಅಂದುಕೊಂಡಿದ್ದೆ. ಯಾರೂ ಮಲಗಬಾರದೆಂದು ಅದನ್ನು ಹೇಳಿ ಮಾಡಿಸಿದ್ದು ಎಂದು ಆಮೇಲೆ ತಿಳಿಯಿತು.

ಹಳೆಯ ಬೆಂಚುಗಳನ್ನು ತೆಗೆಯಲೇಬೇಕಾಯಿತು. ಚಂದ್ರಣ್ಣ ಮೆಡಿಕಲ್ ಸ್ಟೋರಿಗೆ ತಾವೇ ಹೋಗಿ ರೇಣುಕಾಗೆ ಹೇಳಿದರು. ಆಗ ನಾನೂ ಅಲ್ಲಿದ್ದೆ.

"ನಿಮ್ಮಪ್ಪನ ಕಲ್ಲು ಒಂದನ್ನ ಬೇರೆ ಎತ್ತಿಡುಸ್ತೀನಿ. ಪಾಲಿಶ್ ಹಿಡ್ಸಿ, ಅಕ್ಷರ ಆಳಕ್ಕೆ ಕೆತ್ಸಿ, ಅಮಾಸೆ ಒಳ್ಗೆ ಬೇವಿನ ಮರದ ಕೆಳ್ಗೇ ಕೂರುಸ್ತೀನಿ. ನಿಮ್ಮವ್ವ ಬಂದು ನೋಡಿ ಬೆರಗಾಗ್ಬೇಕು."

"ಹಿಡಿ ಹಾಕುಸ್ಬೇಡಿ ಸಾರ್," ಎಂದಳು ರೇಣುಕಾ.

"ಇಲ್ಲ ಕಣಮ್ಮ, ಅದೊಂದಕ್ಕೆ ಹಾಕ್ಸಲ್ಲ."

ಅವರ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಇವತ್ತಿಗೂ ನನಗೆ ನೋವಾಗುವುದು ಅದಕ್ಕೇ. ಯಾರಾದರೂ ಬೇಕೆಂದೇ ಮಾಡಿದ್ದರೆ ಬೈದು ಮರೆಯಬಹುದಿತ್ತು.

ಬೆಂಚು ಕಿತ್ತದ್ದು ಒಂದು ಗುರುವಾರ. ರೇಣುಕಾ ಅಂಗಡಿಯಲ್ಲಿದ್ದಳು, ನಾನು ಪರೀಕ್ಷೆ ಬರೆಯಲು ಶಿವಮೊಗ್ಗಕ್ಕೆ ಹೋಗಿದ್ದೆ. ಹೂವಿನ ಮಡಿಗೆ ಕೆಂಪುಮಣ್ಣು ಬೇಕಿತ್ತು, ಅದನ್ನು ತರೀಕೆರೆಯ ಆಚೆಯಿಂದ ತರಬೇಕಿತ್ತು. ಟ್ರ್ಯಾಕ್ಟರ್ ಡ್ರೈವರ್ ಓಂಕಾರಿ ಖಾಲಿ ಟ್ರೇಲರ್ ಯಾಕೆ ಹೋಗಬೇಕೆಂದು ಚಪ್ಪಡಿಗಳನ್ನು ಹೇರಿಕೊಂಡ. ದಾರಿಯಲ್ಲಿ ಬೇಕಾದವರಿಗೆ ಕೊಡು ಎಂದಿದ್ದರು. ನಮ್ಮ ಕಡೆ ಒಳ್ಳೆಯ ಚಪ್ಪಡಿಯೊಂದು ದಾರಿಯಲ್ಲಿ ಕಂಡರೆ ಬೇಡವೆನ್ನುವ ಮನೆಯಿಲ್ಲ. ಚರಂಡಿಗೋ, ಬಾಗಿಲ ಮೆಟ್ಟಿಲಿಗೋ, ಬಟ್ಟೆ ಒಗೆಯುವುದಕ್ಕೋ ಆಗುತ್ತದೆ. ಚಂದ್ರಣ್ಣ ಶಾಮಿಯಾನದ ಗದ್ದಲದಲ್ಲಿದ್ದುಕೊಂಡೇ ಅವನಿಗೆ ಫೋನು ಮಾಡಿ, "ಮೂಲೇದು ಮಾತ್ರ ಪಾಲಿಶ್‌ನೋನ ಹತ್ರ ಇಳ್ಸು," ಎಂದರು.

ಓಂಕಾರಿ ಪಾರ್ಕಿಗೆ ಬರುವ ಹೊತ್ತಿಗೇ ಏಳು ಚಪ್ಪಡಿಗಳನ್ನೂ ಕಿತ್ತು ಗೇಟಿನ ಪಕ್ಕ ಒಂದರ ಮೇಲೊಂದು ಪೇರಿಸಿಯಾಗಿತ್ತು. ಏಳಕ್ಕೂ ಒಂದೇ ಹಳದಿ.

ಗವರ್ನರ್ ಬಂದರು, ರಿಬ್ಬನ್ ಕತ್ತರಿಸಿದರು, ಪೆಂಗ್ವಿನ್ನಿನ ಬಾಯಿಗೆ ಕಾಗದದ ಲೋಟ ಹಾಕಿ ಫೋಟೋ ತೆಗೆಸಿಕೊಂಡರು. ಪಾರ್ಕು ನಿಜಕ್ಕೂ ಚಂದವಾಗಿತ್ತು. ನಾನೂ ಹೆಮ್ಮೆಪಟ್ಟೆ. ರೇಣುಕಾ ಸ್ವಾಗತಗೀತೆಯ ಸಾಲಿನಲ್ಲಿ ನಿಂತು ಹಾಡಿದಳು.

ಅಮಾವಾಸ್ಯೆಯ ಹಿಂದಿನ ದಿನ ಪಾಲಿಶ್ ಆದ ಕಲ್ಲು ಬಂತು. ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಚಂದ್ರಣ್ಣ ಪಾಲಿಶ್‌ನವನಿಗೆ ಫೋನು ಹಚ್ಚಿದರು. "ಹೆಸ್ರು ಅಳ್ಸಿಬಿಟ್ಯೇನಯ್ಯಾ?" ಎಂದು ಕೂಗಿದರು. ಅವನು, "ಬಣ್ಣ ಕೆರೆದಾಗ ಅದ್ರಲ್ಲಿ ಏನೂ ಇರ್ಲೇ ಇಲ್ಲ ಸಾರ್, ಕೆತ್ತೋದೇನು ಅಂತ ನಾನೇ ನಿಮ್ಮನ್ನ ಕೇಳಣಾಂತಿದ್ದೆ," ಎಂದ. ಓಂಕಾರಿಯನ್ನು ಕರೆಸಿದರು.

"ಮೂಲೇದು ಅಂದ್ರಿ. ನಾನ್ ಹೋದಾಗ ಎಲ್ಲಾ ಒಂದ್ರ ಮೇಲೊಂದು ಇದ್ವು. ಮೇಲ್ಗಡೆ ಇದ್ದಿದ್ದೇ ಇರ್ಬೇಕು ಅಂತ ಅದನ್ನ ಇಳ್ಸಿದೆ. ಯಾವ್ದು ಯಾವ ಮೂಲೇಲಿತ್ತು ಅಂತ ನಂಗೇನ್ ಗೊತ್ತಣ್ಣ?" ಎಂದ ಅವನು.

ಅವನನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ರೇಣುಕಾ ರಾತ್ರಿಯೇ ಮನೆಯಲ್ಲಿ ಅವ್ವನಿಗೆ ಬರಬೇಡ ಎಂದು ಹೇಳಬಹುದಿತ್ತು. ಹೇಳಲು ಆಗಲಿಲ್ಲವಂತೆ. ಮರುದಿನ ಹನ್ನೆರಡು ಗಂಟೆಗೆ ಹಾಲಮ್ಮ ಬಂದಾಗ ಪಾರ್ಕಿನ ಗೇಟಿಗೆ ಬೀಗ ಹಾಕಿತ್ತು. ಈಗ ಬೆಳಿಗ್ಗೆ, ಸಂಜೆ ಮಾತ್ರ ತೆರೆಯುವ ನಿಯಮ. ಹೊರಗಿನ ತಿಂಡಿ ತರಬಾರದೆಂಬ ಬೋರ್ಡೂ ಇತ್ತು. ಚಂದ್ರಣ್ಣ ಕೀ ಹಿಡಿದುಕೊಂಡು ಮೊದಲೇ ಅಲ್ಲಿ ನಿಂತಿದ್ದರು. ರೇಣುಕಾ ಮತ್ತು ನಾನು ಅವರ ಹಿಂದೆ ಇದ್ದೆವು. ಹಾಲಮ್ಮ ಸಣ್ಣ ಆಳು, ನೀಲಿ ಸೀರೆ, ಕೈಯಲ್ಲಿ ಟಿಫಿನ್ ಕ್ಯಾರಿಯರು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಬೀಡಿ ಕಟ್ಟು.

ನೇರ ಮೂಲೆಗೆ ಹೋದರು. ಅಲ್ಲಿ ಬೇವಿನ ಮರದ ಕೆಳಗೆ ಕೆಂಪುಮಣ್ಣಿನ ಮಡಿ, ಅದರಲ್ಲಿ ಸಾಲಾಗಿ ಚೆಂಡುಹೂವಿನ ಸಸಿ.

"ಕಲ್ಲೆಲ್ಲೈತವ್ವಾ?"

ಚಂದ್ರಣ್ಣ ಕೈ ಮುಗಿದು, ನಡೆದದ್ದನ್ನೆಲ್ಲ ಬಿಡದೆ ಹೇಳಿದರು. ಕೊನೆಗೆ, "ಹೊಸ್ದು ಹಾಕುಸ್ತೀನಿ ತಾಯಿ. ಇದಕ್ಕಿಂತ ದೊಡ್ಡದು. ಹೆಸ್ರು ಕೆತ್ಸೇ ಹಾಕುಸ್ತೀನಿ," ಎಂದರು.

ಹಾಲಮ್ಮ ಕ್ಯಾರಿಯರನ್ನು ಕೆಳಗಿಟ್ಟರು.

"ನೀವು ಹಾಕ್ಸಿದ್ರೆ ಅದು ನೀವು ಹಾಕ್ಸಿದ್ದಾಯ್ತದೆ ಸಾಮಿ. ಅದನ್ನ ಅವನ ಜೊತೆಗಾರ್ರು ಹಾಕ್ಸಿದ್ರು. ಹೆಗಲ ಮೇಲೆ ಹೊತ್ಕೊಂಡ್ ಬಂದಿದ್ರು. ಅವ್ರಲ್ಲಿ ಈಗ ಯಾರವ್ರೆ, ಇನ್ನೊಂದ್ ಸಲ ಹೊರಾಕೆ?"

ಚಂದ್ರಣ್ಣ ಹೊಸ ಗ್ರಾನೈಟ್ ಬೆಂಚು ತೋರಿಸಿ, ಇವತ್ತಿಗೆ ಇಲ್ಲಿ ಇಡಿ ಎಂದರು. ಹಾಲಮ್ಮ ಹತ್ತಿರ ಹೋಗಿ ನಡುವಿನ ಕಬ್ಬಿಣದ ಹಿಡಿಯನ್ನು ಮುಟ್ಟಿದರು. ಬೆನ್ನಿನ ಮೇಲೆ ಬರೆದಿದ್ದ ದಾನಿಯ ಹೆಸರನ್ನು ಬೆರಳಿನಲ್ಲಿ ಸವರಿದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಇದು ಬೇರೇರ ಮನೇದು," ಎಂದು ತಿರುಗಿ ಬಂದರು.

ಸಸಿಗಳ ನಡುವೆ ಜಾಗ ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತು ಮಣ್ಣಿನ ಮೇಲೆ ಮುತ್ತುಗದ ಎಲೆ ಹಾಸಿದರು. ಮುದ್ದೆ, ಅವರೆಕಾಳಿನ ಸಾರು, ಕಡುಬು, ವಡೆ, ಕೊನೆಯಲ್ಲಿ ಬೀಡಿ. ಸೋನೆ ಶುರುವಾಯಿತು. ಅವರು ಏಳಲಿಲ್ಲ. ರೇಣುಕಾ ಹೋಗಿ ಅವ್ವನ ತಲೆಯ ಮೇಲೆ ದುಪಟ್ಟಾ ಹಿಡಿದು ನಿಂತಳು. ನಾವಿಬ್ಬರು ಪೆಂಗ್ವಿನ್ನಿನ ಪಕ್ಕ ನೆನೆಯುತ್ತ ನಿಂತಿದ್ದೆವು. ಹೊರಡುವಾಗ ಹಾಲಮ್ಮ ನಮಗಿಬ್ಬರಿಗೂ ಒಂದೊಂದು ಕಡುಬು ಕೊಟ್ಟರು. ಬೇಡವೆನ್ನಲಾಗಲಿಲ್ಲ, ತಿನ್ನಲೂ ಆಗಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ನಾವು ಕಲ್ಲು ಹುಡುಕಿದೆವು. ಚಂದ್ರಣ್ಣನ ಹಳೇ ಓಮ್ನಿಯಲ್ಲಿ ಅವರು, ರೇಣುಕಾ, ನಾನು, ದಾರಿ ತೋರಿಸಲು ಓಂಕಾರಿ, ಡಿಕ್ಕಿಯಲ್ಲಿ ಎರಡು ಹಾರೆ. ಬೀರೂರಿನ ಹೊಸ ಬಡಾವಣೆಯಲ್ಲಿ ಎರಡು ಚಪ್ಪಡಿ ಚರಂಡಿಯ ಮೇಲಿದ್ದವು. ತರೀಕೆರೆಯ ಗ್ಯಾರೇಜಿನಲ್ಲಿ ಒಂದರ ಮೇಲೆ ಬೈಕು ತೊಳೆಯುತ್ತಿದ್ದರು. ಒಂದು ತೆಂಗಿನ ತೋಟದ ಪಂಪ್‌ಹೌಸಿಗೆ ಮೆಟ್ಟಿಲಾಗಿತ್ತು. ಎಲ್ಲರೂ ಹಳದಿ ಬದಿಯನ್ನು ನೆಲಕ್ಕೆ ಹಾಕಿದ್ದರು. ಹಾಗಾಗಿ ಪ್ರತಿಯೊಂದನ್ನೂ ಮಗುಚಿ, ಬಣ್ಣ ಕೆರೆದು ನೋಡಬೇಕಿತ್ತು. ಹಾರೆ ಕೊಟ್ಟು ಎತ್ತುವಾಗ ಪ್ರತಿಸಲ ರೇಣುಕಾ ಉಸಿರು ಬಿಗಿಹಿಡಿದು ಬಗ್ಗುತ್ತಿದ್ದಳು. ಕೆರೆದರೆ ಬರೀ ಕಲ್ಲು.

ಲಿಂಗದಹಳ್ಳಿ ದಾರಿಯ ಒಂದು ಮನೆಯಲ್ಲಿ ಹೆಂಗಸೊಬ್ಬರು ಐದನೆಯದರ ಮೇಲೆ ಕಂಬಳಿ ಒಗೆಯುತ್ತಿದ್ದರು. "ನನ್ ಕಲ್ಲು ಯಾಕ್ರೀ ಮಗುಚ್ತೀರಾ? ಯಾವ ಇಲಾಖೆಯೋರು ನೀವು?" ಎಂದು ಸೋಪಿನ ಕೈಯಲ್ಲೇ ಅಡ್ಡ ನಿಂತರು. ರೇಣುಕಾ ವಿಷಯ ಹೇಳಿದಳು. ಆಕೆ ಕಂಬಳಿ ಬದಿಗಿಟ್ಟು ತಾವೇ ಹಾರೆಗೆ ಕೈ ಹಾಕಿದರು. ಅದರಲ್ಲೂ ಇರಲಿಲ್ಲ. "ಇದ್ದಿದ್ರೆ ಕೊಟ್ಬಿಡ್ತಿದ್ದೆ ಕಣವ್ವ," ಎಂದು ನಮಗಿಂತ ಹೆಚ್ಚು ಬೇಜಾರು ಮಾಡಿಕೊಂಡರು.

ಪಾಲಿಶ್ ಆದದ್ದು ಸೇರಿ ಆರು ಸಿಕ್ಕವು. ಏಳನೆಯದರ ಬಗ್ಗೆ ಓಂಕಾರಿಗೆ ನೆನಪಿರುವುದು ಇಷ್ಟೇ: ತರೀಕೆರೆಯಲ್ಲಿ ಅಜ್ಜಂಪುರದ ದಾರಿ ಕವಲೊಡೆಯುವ ಕಡೆ ಒಂದು ಗೂಡ್ಸ್ ಆಟೋದವರು ಕೈ ಅಡ್ಡ ಹಾಕಿದರು, ಇಬ್ಬರಿದ್ದರು, ಕಲ್ಲು ಕೇಳಿದರು, ಕೊಟ್ಟ. ಅಂತರಘಟ್ಟೆಯ ಕಡೆಗೆ ಹೋಗುತ್ತೇವೆ ಎಂದಂತೆ ನೆನಪು, ಗ್ಯಾರಂಟಿಯಿಲ್ಲ. ಆ ದಾರಿಯ ಹಳ್ಳಿಗಳಲ್ಲಿ ಡಿಸೆಂಬರಿನವರೆಗೆ ಕೇಳಿದೆವು. ಆಮೇಲೆ ರೇಣುಕಾಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಜುಲೈ ಬಂದಾಗ ಕ್ಲಬ್ಬಿಗೆ ಹೊಸ ಅಧ್ಯಕ್ಷರು ಬಂದರು. ಚಂದ್ರಣ್ಣ ಮಾತ್ರ ಈಗಲೂ ಆ ದಾರಿಯಲ್ಲಿ ಬಣ್ಣದ ಆರ್ಡರಿಗೆ ಹೋದಾಗಲೆಲ್ಲ ಗಾಡಿ ನಿಲ್ಲಿಸಿ ಜನರ ಮೆಟ್ಟಿಲು ನೋಡುತ್ತಾರೆ. ಬೇವಿನ ಮರದ ಕೆಳಗೆ ಅವರು ಏನನ್ನೂ ಹಾಕಿಸಿಲ್ಲ. ಹೂವಿನ ಮಡಿಯನ್ನೂ ತೆಗೆಸಿದರು. ಮಧ್ಯಾಹ್ನ ಗೇಟು ತೆರೆದಿಡಿಸಲು ಒಂದು ವರ್ಷ ಓಡಾಡಿದರು, ಆಗಲಿಲ್ಲ. ಹಮಾಲಿಗಳು ಈಗ ಯಾರ್ಡಿನಲ್ಲಿ ಲಾರಿಯ ನೆರಳಿನಲ್ಲಿ ಮಲಗುತ್ತಾರೆ.

ತರೀಕೆರೆಯಿಂದ ಬಂದ ಮೇಲೆ ಹಾಲಮ್ಮನನ್ನು ನೋಡಲು ಹೋಗಿದ್ದೆ. ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ.

"ಬರಿ. ಆದ್ರೆ ಕಿತ್ ತತ್ತೀನಿ ಅಂತ ಬರೀಬ್ಯಾಡ," ಎಂದರು. "ಯಾರೋ ಅದ್ರ ಮೇಲೆ ಕೂತಿರ್ತಾರೆ, ಬಟ್ಟೆ ಒಗೀತಿರ್ತಾರೆ. ಅವ್ರ ಕೆಲ್ಸ ಯಾಕ್ ಕೆಡ್ಸದು. ಎಲ್ಲೈತೆ ಅಂತ ಗೊತ್ತಾದ್ರೆ ಸಾಕು. ಎಡೆ ತಗೊಂಡು ನಾನೇ ಅಲ್ಗೆ ಹೋಯ್ತೀನಿ."

ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಓದುಗರಲ್ಲಿ ಕೇಳುತ್ತಿದ್ದೇನೆ. ಬೂದುಬಣ್ಣದ ಚಪ್ಪಡಿ, ಆಳುದ್ದ, ಎರಡು ಮೊಳಕ್ಕೆ ಸ್ವಲ್ಪ ಕಡಿಮೆ ಅಗಲ. ಒಂದು ಬದಿಗೆ ಹಳದಿ ಬಣ್ಣ. ಒಂದು ಅಂಚು ಸವೆದು ತಗ್ಗಾಗಿದೆಯಂತೆ, ಹಮಾಲಿಗಳು ಚೀಲ ಎಳೆಯುವ ಕೊಕ್ಕೆಯನ್ನು ಅಲ್ಲಿ ಮಸೆಯುತ್ತಿದ್ದರೆಂದು ಹಾಲಮ್ಮ ಈಗಷ್ಟೇ ಹೇಳಿದರು. ನಿಮ್ಮ ಮನೆಯ ಹಿತ್ತಿಲಲ್ಲೋ, ಚರಂಡಿಯ ಮೇಲೋ, ಬಸ್ಸು ಕಾಯುವ ಜಾಗದಲ್ಲೋ ಅಂಥ ಕಲ್ಲಿದ್ದರೆ, ಇಬ್ಬರು ಸೇರಿ ಒಮ್ಮೆ ಮಗುಚಿ, ಬಣ್ಣ ಕೆರೆದು ನೋಡಿ. ಕೆಂಚಪ್ಪ ಎಂದಿದ್ದರೆ ಹಾಗೇ ತಿರುಗಿಸಿ ಇಟ್ಟು, ಊರಿನ ಹೆಸರೊಂದನ್ನು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಬರೆದು ಕಳಿಸಿ. ಕಲ್ಲನ್ನು ಯಾರೂ ಕೇಳಲು ಬರುವುದಿಲ್ಲ. ವರ್ಷಕ್ಕೊಂದು ಸಲ, ಒಂದು ಮಧ್ಯಾಹ್ನ, ಹೆಂಗಸೊಬ್ಬರು ಟಿಫಿನ್ ಕ್ಯಾರಿಯರ್ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಅವರಿಗೆ ಸ್ವಲ್ಪ ಹೊತ್ತು ಅಲ್ಲಿ ಕೂರಲು ಬಿಡಿ.